ಕೊಕ್ಕೊ ಬೆಣ್ಣೆ ಇಲ್ಲದ ಮೇಲೆ ಅದನ್ನು ಚಾಕೊಲೇಟ್ ಎನ್ನಬಹುದೇ?

ಮಾನ್ಯ ಸಂಪಾದಕರಿಗೆ,

ತಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಪ್ರಕಟವಾದ, ಜನಪ್ರಿಯ ಚಾಕೊಲೇಟ್ ಬಾರ್‌ಗಳ ಕುರಿತ ಲೇಖನವನ್ನು ಎರಡು ಸಲ ಓದಿದೆ. ಯಾವ ಬಾರ್ ಯಾವ ದೇಶದಲ್ಲಿ ಹುಟ್ಟಿತು, ಯಾವುದರೊಳಗೆ ಬಾದಾಮಿ, ಯಾವುದರೊಳಗೆ ಕ್ಯಾರಮೆಲ್ ಎಂಬ ವಿವರಗಳನ್ನೆಲ್ಲ ಲೇಖಕರು ಅಕ್ಕರೆಯಿಂದ ಕಲೆಹಾಕಿದ್ದಾರೆ; ಅದಕ್ಕೆ ಕೃತಜ್ಞತೆ ಸಲ್ಲಬೇಕು. ಆದರೆ ಇಡೀ ಪುಟದಲ್ಲಿ ಕೊಕ್ಕೊ ಬೆಣ್ಣೆ (ಕೊಕ್ಕೊ ಬೀಜದೊಳಗಿನ ಕೊಬ್ಬು) ಎಂಬ ಮಾತು ಒಂದು ಕಡೆಯೂ ಕಾಣಲಿಲ್ಲ. ತುಪ್ಪದ ಹೆಸರೆತ್ತದೆ ಮೈಸೂರು ಪಾಕಿನ ಚರಿತ್ರೆ ಬರೆದ ಹಾಗಾಯಿತು. ಬಾರ್ ಎಂಬ ವಸ್ತು ಹುಟ್ಟಿದ್ದೇ ಆ ಬೆಣ್ಣೆಯಿಂದ; ಇಂದು ಅಂಗಡಿಯ ಭರಣಿಗಳಲ್ಲಿ ಚಾಕೊಲೇಟ್ ಎಂಬ ಹೆಸರು ಹೊತ್ತು ಕುಳಿತಿರುವ ಎಷ್ಟೋ ತುಂಡುಗಳಲ್ಲಿ ಇಲ್ಲದಿರುವುದೂ ಅದೇ ಬೆಣ್ಣೆ. ಈ ಸಂಗತಿಯನ್ನು ಸ್ವಲ್ಪ ವಿವರವಾಗಿ ಹೇಳಲು ಅವಕಾಶ ಕೊಡಬೇಕೆಂದು ಕೋರುತ್ತೇನೆ. ಪತ್ರ ಉದ್ದವಾಗಿದೆ ಎಂಬುದು ನನಗೂ ಗೊತ್ತು. ಕತ್ತರಿಸುವುದೇ ಆದರೆ ಚರಿತ್ರೆಯ ಭಾಗವನ್ನು ಕತ್ತರಿಸಿ, ಲೇಬಲ್ಲಿನ ಭಾಗವನ್ನು ಉಳಿಸಿಕೊಡಿ.

ನಾನು ಪುತ್ತೂರು ತಾಲ್ಲೂಕಿನ ಒಬ್ಬ ಅಡಿಕೆ ಕೃಷಿಕ. ನನ್ನ ತಂದೆ 1970ರ ದಶಕದಲ್ಲಿ ಅಡಿಕೆ ಮರಗಳ ನೆರಳಿನಲ್ಲಿ ನೆಟ್ಟ ಕೊಕ್ಕೊ ಗಿಡಗಳ ಪೈಕಿ ಕೆಲವು ಈಗಲೂ ಕಾಯಿ ಬಿಡುತ್ತಿವೆ. (ಪೇಟೆಯವರು ಕೋಕೋ ಎನ್ನುತ್ತಾರೆ, ನಮ್ಮ ಕಡೆ ಕೊಕ್ಕೊ ಎಂದೇ ರೂಢಿ.) ಹಣ್ಣಾದ ಕಾಯಿಯನ್ನು ಕತ್ತಿಯಿಂದ ಸೀಳಬಾರದು, ಬೀಜಕ್ಕೆ ಏಟು ಬೀಳುತ್ತದೆ, ಮರದ ಕೊರಡಿಗೆ ಅಡ್ಡಲಾಗಿ ಒಂದು ಸಲ ಬಡಿದರೆ ದಪ್ಪ ಸಿಪ್ಪೆ ಎರಡು ಹೋಳಾಗಿ ಬಿಚ್ಚಿಕೊಳ್ಳುತ್ತದೆ. ಒಳಗೆ ಬಿಳಿ ಲೋಳೆ ಮೆತ್ತಿಕೊಂಡ ಮೂವತ್ತು ನಲವತ್ತು ಬೀಜಗಳಿರುತ್ತವೆ. ಲೋಳೆಯನ್ನು ಚೀಪಿದರೆ ಸಿಹಿಹುಳಿ, ಬೀಜವನ್ನು ಕಚ್ಚಿದರೆ ಬರೀ ಕಹಿ. ಚಾಕೊಲೇಟಿನ ಪರಿಮಳದ ಸುಳಿವೇ ಅದರಲ್ಲಿಲ್ಲ. ಹಸಿ ಬೀಜವನ್ನು ರಾಶಿ ಹಾಕಿ, ಬಾಳೆಲೆ ಮುಚ್ಚಿ, ನಡುನಡುವೆ ಮಗುಚುತ್ತ ಐದಾರು ದಿನ ಹುಳಿಯಲು ಬಿಟ್ಟರೆ ಮಾತ್ರ ಆ ಪರಿಮಳಕ್ಕೆ ಬೇಕಾದ ಸತ್ವ ಬೀಜದೊಳಗೆ ತಯಾರಾಗುತ್ತದೆ. ಎರಡನೆಯ ದಿನ ರಾಶಿಯೊಳಗೆ ಕೈ ಹಾಕಿದರೆ ಬಿಸಿ ತಾಗಿ ಕಳ್ಳಿನ ವಾಸನೆ ಮೂಗಿಗೆ ಹೊಡೆಯುತ್ತದೆ, ನಾಲ್ಕನೆಯ ದಿನಕ್ಕೆ ಅದು ವಿನೆಗರಿನ ಘಾಟಾಗುತ್ತದೆ. ಆಮೇಲೆ ಬಿಸಿಲಿಗೆ ಹರವಿ ಒಣಗಿಸಿದಾಗ ಮೂರು ಕಿಲೋ ಹಸಿ ಬೀಜ ಹೆಚ್ಚುಕಡಿಮೆ ಒಂದು ಕಿಲೋಗೆ ಇಳಿಯುತ್ತದೆ. ಹೀಗೆ ಒಣಗಿದ ಬೀಜವನ್ನು ಹುರಿದು, ಹೊಟ್ಟು ತೂರಿ, ಅರೆದು ನೋಡಿ: ಕಾಫಿಯ ಹಾಗೆ ಪುಡಿಯಾಗುವುದಿಲ್ಲ, ಅರೆಯುವ ಬಿಸಿಗೇ ಕರಗಿ ಕಪ್ಪು ರಸವಾಗಿ ಹರಿಯುತ್ತದೆ. ಬೀಜದ ತಿರುಳಿನ ತೂಕದಲ್ಲಿ ಸುಮಾರು ಅರ್ಧದಷ್ಟು ಕೊಬ್ಬೇ ಇರುವುದು ಇದಕ್ಕೆ ಕಾರಣ. ಆ ಕೊಬ್ಬನ್ನೇ ಕೊಕ್ಕೊ ಬೆಣ್ಣೆ ಎನ್ನುವುದು.

ಯುರೋಪಿನವರು ಬಹುಕಾಲ ಚಾಕೊಲೇಟನ್ನು ಕುಡಿಯುತ್ತಿದ್ದರೇ ಹೊರತು ಕಚ್ಚಿ ತಿನ್ನುತ್ತಿರಲಿಲ್ಲ. ಬಿಸಿ ಪಾನೀಯದ ಮೇಲೆ ಜಿಡ್ಡಾಗಿ ತೇಲುವ ಈ ಕೊಬ್ಬು ಅವರಿಗೊಂದು ಕಿರಿಕಿರಿಯಾಗಿತ್ತು. 1828ರಲ್ಲಿ ನೆದರ್‌ಲ್ಯಾಂಡ್ಸಿನ ವಾನ್ ಹೌಟನ್ ಮನೆತನದವರು ಬೀಜದ ಕೊಬ್ಬನ್ನು ಹಿಂಡಿ ತೆಗೆಯುವ ಒತ್ತುಯಂತ್ರಕ್ಕೆ ಪೇಟೆಂಟ್ ಪಡೆದರು. ನಮ್ಮ ಎಣ್ಣೆಗಾಣದಲ್ಲಿ ಎಳ್ಳು ಹಾಕಿದರೆ ಎಣ್ಣೆ ಒಂದು ಕಡೆ, ಹಿಂಡಿ ಒಂದು ಕಡೆ ಆಗುವಂತೆ, ಆ ಯಂತ್ರದಿಂದ ಬೆಣ್ಣೆ ಬೇರೆಯಾಯಿತು, ಉಳಿದ ಹಿಂಡಿಯನ್ನು ಪುಡಿ ಮಾಡಿದಾಗ ನೀರಿನಲ್ಲಿ ಚೆನ್ನಾಗಿ ಬೆರೆಯುವ ಕೊಕ್ಕೊ ಪುಡಿ ಸಿಕ್ಕಿತು. ಬೆಣ್ಣೆ ಮಾತ್ರ ಮಿಕ್ಕಿತು. ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಫ್ರೈ ಮನೆತನದ ಕಾರ್ಖಾನೆಯವರು 1847ರಲ್ಲಿ ಕೊಕ್ಕೊ ಪುಡಿಗೂ ಸಕ್ಕರೆಗೂ ನೀರಿನ ಬದಲು ಕರಗಿಸಿದ ಕೊಕ್ಕೊ ಬೆಣ್ಣೆಯನ್ನೇ ಬೆರೆಸಿ ನೋಡಿದರು. ಮಿಶ್ರಣ ಅಚ್ಚಿಗೆ ಹೊಯ್ಯುವಷ್ಟು ತೆಳುವಾಯಿತು, ಆರಿದ ಮೇಲೆ ಗಟ್ಟಿಯಾಗಿ ನಿಂತಿತು, ಬಾಯಿಗೆ ಹಾಕಿದರೆ ಕರಗಿತು. ಅಚ್ಚಿನಲ್ಲಿ ಎರೆದ ಮೊದಲ ಚಾಕೊಲೇಟ್ ಬಾರ್ ಅದೇ ಎಂಬುದು ಸಾಮಾನ್ಯವಾಗಿ ಎಲ್ಲರೂ ಒಪ್ಪುವ ಮಾತು. ಲೇಖನದಲ್ಲಿ ಈ ಹಿರಿಮೆಯನ್ನು ಸ್ವಿಟ್ಜರ್ಲೆಂಡಿಗೆ ಕೊಡಲಾಗಿತ್ತು. ಸ್ವಿಸ್ಸರು ಮಾಡಿದ್ದು ಕಡಿಮೆಯೇನಲ್ಲ, ಆದರೆ ಅವರ ಸರದಿ ಬಂದದ್ದು ಮೂರು ದಶಕಗಳ ಅನಂತರ.

ಹಾಲು ಬೆರೆಸಿದ ಕತೆ ಲೇಖನದಲ್ಲಿ ಒಂದೇ ವಾಕ್ಯದಲ್ಲಿ ಮುಗಿದುಹೋಗಿದೆ. ಅದು ಅಷ್ಟು ಸುಲಭದಲ್ಲಿ ಆದದ್ದಲ್ಲ. ಕರಗಿದ ಚಾಕೊಲೇಟಿಗೆ ನಾಲ್ಕು ಹನಿ ನೀರು ಬಿದ್ದರೂ ಅದು ಮುದ್ದೆ ಕಟ್ಟಿ ಕೆಡುತ್ತದೆ ಎಂಬುದು ಮನೆಯಲ್ಲಿ ಕೇಕ್ ಮಾಡುವವರಿಗೆಲ್ಲ ಗೊತ್ತು, ಹಾಲಿನಲ್ಲಾದರೋ ಬಹುಪಾಲು ನೀರೇ. ಸ್ವಿಟ್ಜರ್ಲೆಂಡಿನ ವೆವೆ ಎಂಬ ಊರಿನಲ್ಲಿ ಮೇಣದ ಬತ್ತಿಯ ಕಸುಬಿನಿಂದ ಚಾಕೊಲೇಟಿಗೆ ಬಂದಿದ್ದ ಡೇನಿಯಲ್ ಪೀಟರ್ ವರ್ಷಗಟ್ಟಲೆ ಇದರ ಜೊತೆ ಗುದ್ದಾಡಿ, ಅದೇ ಊರಿನ ಹೆನ್ರಿ ನೆಸ್ಲೆಯ ಹಾಲಿನ ಉದ್ಯಮದ ನೆರವಿನಿಂದ, ನೀರಿನಂಶ ಇಂಗಿಸಿದ ಹಾಲನ್ನು ಬಳಸಿ 1875ರ ಸುಮಾರಿಗೆ ಹಾಲಿನ ಚಾಕೊಲೇಟ್ ಮಾಡಿದ. ನಾಲ್ಕು ವರ್ಷಗಳ ಬಳಿಕ, 1879ರಲ್ಲಿ, ಬರ್ನ್ ನಗರದ ರುಡಾಲ್ಫ್ ಲಿಂಟ್ ಚಾಕೊಲೇಟನ್ನು ಗಂಟೆಗಟ್ಟಲೆ ತಿಕ್ಕಿ ತಿರುಗಿಸುವ ಯಂತ್ರವನ್ನು ರೂಪಿಸಿದ. ಅದಕ್ಕೆ ಮುಂಚಿನ ಚಾಕೊಲೇಟ್ ಹಲ್ಲಿಗೆ ಮರಳಿನಂತೆ ಸಿಗುತ್ತಿತ್ತು. ಬೆಣ್ಣೆ ಪ್ರತಿಯೊಂದು ಕಣವನ್ನೂ ಸವರಿಕೊಳ್ಳುವ ತನಕ ಮರ್ದಿಸಿದ ಮೇಲೆ ಇಂದು ನಾವು ಚಾಕೊಲೇಟ್ ಎಂದು ಗುರುತಿಸುವ ನುಣುಪು ಬಂತು. 1905ರಲ್ಲಿ ಬರ್ಮಿಂಗ್‌ಹ್ಯಾಮ್ ಬಳಿಯ ಬೋರ್ನ್‌ವಿಲ್ಲಿನಿಂದ ಹೊರಬಿದ್ದ ಕ್ಯಾಡ್ಬರಿ ಡೈರಿ ಮಿಲ್ಕ್ ಈ ಎರಡೂ ಸಾಧನೆಗಳ ಹೆಗಲೇರಿ ಬಂದದ್ದು.

ಅಲ್ಲಿಯವರೆಗೆ ಬಾರ್ ಎಂದರೆ ಬಹುಮಟ್ಟಿಗೆ ಮೇಲಿನಿಂದ ಕೆಳಗಿನವರೆಗೆ ಚಾಕೊಲೇಟೇ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಮಿಲ್ಟನ್ ಹರ್ಷಿ 1900ರಲ್ಲಿ ಮಾರಲು ಶುರು ಮಾಡಿದ ಬಾರ್ ಕೂಡ ಹಾಗೆಯೇ ಇತ್ತು. ಲೆಕ್ಕ ಬದಲಾದದ್ದು 1920ರ ದಶಕದಲ್ಲಿ. ಮಿನಿಯಾಪೊಲಿಸ್‌ನ ಫ್ರಾಂಕ್ ಮಾರ್ಸ್ 1923ರಲ್ಲಿ ಮಿಲ್ಕಿ ವೇ ಎಂಬ ಬಾರನ್ನು ತಂದ. ಹೆಸರು ಆಕಾಶಗಂಗೆಯದಲ್ಲ, ಆ ಕಾಲದಲ್ಲಿ ಜನ ಮೆಚ್ಚಿ ಕುಡಿಯುತ್ತಿದ್ದ ಮಾಲ್ಟ್ ಹಾಲಿನದು. ಒಳಗಿರುವುದು ಗಾಳಿ ತುಂಬುವ ಹಾಗೆ ಕಡೆದ ನೂಗಾ ಎಂಬ ಮೆತ್ತನೆಯ ಮಿಠಾಯಿ ಮತ್ತು ಕ್ಯಾರಮೆಲ್, ಹೊರಗೆ ಚಾಕೊಲೇಟಿನ ಒಂದು ತೊಗಲು. ಅದೇ ದುಡ್ಡಿಗೆ ಹರ್ಷಿ ಬಾರಿಗಿಂತ ಇದು ಎಷ್ಟೋ ಪಾಲು ದೊಡ್ಡದಾಗಿ ಕಾಣುತ್ತಿತ್ತು. ಆ ತೊಗಲಿಗೆ ಬೇಕಾದ ಚಾಕೊಲೇಟನ್ನು ಮಾರ್ಸ್ ಕೊಳ್ಳುತ್ತಿದ್ದದ್ದು ಹರ್ಷಿಯಿಂದಲೇ ಎಂಬುದು ಈ ವ್ಯಾಪಾರದ ಸ್ವಾರಸ್ಯ. 1930ರಲ್ಲಿ ನೆಲಗಡಲೆ ಸೇರಿಸಿದ ಸ್ನಿಕರ್ಸ್ ಬಂತು, ಅದು ಮಾರ್ಸ್ ಕುಟುಂಬದ ಕುದುರೆಯೊಂದರ ಹೆಸರು. 1932ರ ತ್ರೀ ಮಸ್ಕೆಟಿಯರ್ಸ್ ಪೊಟ್ಟಣದಲ್ಲಿ ಮೊದಲಿಗೆ ಚಾಕೊಲೇಟ್, ವೆನಿಲಾ, ಸ್ಟ್ರಾಬೆರಿ ಎಂದು ಮೂರು ತುಂಡುಗಳು ನಿಜವಾಗಿಯೂ ಇದ್ದವು. ಮುಂದೆ ಎರಡು ರುಚಿಗಳು ಹೋಗಿ ಹೆಸರು ಮಾತ್ರ ಉಳಿಯಿತು. ಅದೇ ವರ್ಷ ಮಗ ಫಾರೆಸ್ಟ್ ಇಂಗ್ಲೆಂಡಿನ ಸ್ಲೌ ಪಟ್ಟಣದಲ್ಲಿ ಮಾರ್ಸ್ ಬಾರ್ ಶುರು ಮಾಡಿದಾಗ ಹೊದಿಕೆಯ ಚಾಕೊಲೇಟನ್ನು ತಂದದ್ದು ಕ್ಯಾಡ್ಬರಿಯವರಿಂದ. ಬಾರ್ ಎಂಬ ಮಾತು ಇಲ್ಲಿ ಅರ್ಥ ಬದಲಿಸಿತು, ಚಾಕೊಲೇಟ್ ತಿರುಳಿನ ಪದವಿಯಿಂದ ಅಂಗಿಯ ಪದವಿಗೆ ಇಳಿಯಿತು. ಇದನ್ನು ದೂರಾಗಿ ಹೇಳುತ್ತಿಲ್ಲ. ಬಡವರ ಕೈಗೆ ಬಾರ್ ಎಟುಕಿದ್ದು ಈ ಉಪಾಯದಿಂದಲೇ, ಮೇಲಿನ ಅಂಗಿ ಅಸಲಿಯೂ ಆಗಿತ್ತು.

ಲೇಖನದಲ್ಲಿ ಕಿಟ್‌ಕ್ಯಾಟ್ ಬಗ್ಗೆ ಬರೆದ ಭಾಗದಲ್ಲಿ ಜಪಾನಿನ ನೂರಾರು ರುಚಿಗಳ ವಿಷಯ ಬಂದಿದೆ, ಪರೀಕ್ಷೆಗೆ ಹೋಗುವ ಮಕ್ಕಳಿಗೆ ಅಲ್ಲಿ ಅದನ್ನು ಶುಭಶಕುನವಾಗಿ ಕೊಡುವ ವಿಷಯವೂ ಬಂದಿದೆ. ಅದಕ್ಕಿಂತ ದೊಡ್ಡ ಪ್ರಸಂಗವೊಂದು ಬಿಟ್ಟುಹೋಗಿದೆ. ಇಂಗ್ಲೆಂಡಿನ ಯಾರ್ಕ್ ನಗರದ ರೌಂಟ್ರೀ ಕಂಪನಿ 1935ರಲ್ಲಿ ಇದನ್ನು ಚಾಕೊಲೇಟ್ ಕ್ರಿಸ್ಪ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಿಟ್ಟಿತು. 1937ರಲ್ಲಿ ಕಿಟ್‌ಕ್ಯಾಟ್ ಚಾಕೊಲೇಟ್ ಕ್ರಿಸ್ಪ್ ಎಂದಾಯಿತು. ಎರಡನೆಯ ಮಹಾಯುದ್ಧದಲ್ಲಿ ಹಾಲಿಗೆ ಬರ ಬಂದು ಹಾಲಿನ ಚಾಕೊಲೇಟ್ ಮಾಡಲಾಗದೆ ಕಪ್ಪು ಚಾಕೊಲೇಟಿನ ಹೊದಿಕೆ ಹಾಕಬೇಕಾದಾಗ ಕಂಪನಿ ಏನು ಮಾಡಿತು ನೋಡಿ. ಪರಿಚಿತವಾದ ಕೆಂಪು ಕಾಗದವನ್ನು ತೆಗೆದು ನೀಲಿ ಕಾಗದ ಸುತ್ತಿತು, ಹೆಸರಿನಿಂದ ಚಾಕೊಲೇಟ್ ಕ್ರಿಸ್ಪ್ ಎಂಬ ಭಾಗವನ್ನು ಕಿತ್ತುಹಾಕಿತು, ನೀವು ಮೆಚ್ಚಿದ ಪದಾರ್ಥ ಯುದ್ಧ ಮುಗಿಯುವವರೆಗೆ ಸಿಗುವುದಿಲ್ಲ, ಇದು ಅದಕ್ಕೆ ಸದ್ಯ ಸಾಧ್ಯವಿರುವ ಸಮೀಪದ್ದು ಎಂಬ ಅರ್ಥದ ಮಾತನ್ನು ಗಿರಾಕಿಗಳಿಗೆ ಆ ಕಾಗದದ ಮೇಲೆಯೇ ತಿಳಿಸಿತು. ಬಾಂಬು ಬೀಳುತ್ತಿದ್ದ ಕಾಲದಲ್ಲಿ ಎರಡು ಕಾಸಿನ ತಿಂಡಿಯ ವಿಷಯಕ್ಕೆ ಇಷ್ಟು ಮರ್ಯಾದೆ! ಯುದ್ಧ ಮುಗಿದು ಹಾಲು ಬಂದ ಮೇಲೆ ಕೆಂಪು ಬಣ್ಣವೂ ಮರಳಿ ಬಂತು. 1988ರಲ್ಲಿ ನೆಸ್ಲೆ ಕಂಪನಿ ರೌಂಟ್ರೀಯನ್ನು ಕೊಂಡಿತಾದರೂ ಅಮೆರಿಕದಲ್ಲಿ ಇಂದಿಗೂ ಕಿಟ್‌ಕ್ಯಾಟ್ ಮಾಡುವುದು ಪರವಾನಗಿ ಪಡೆದ ಹರ್ಷಿ.

ಅದೇ ಯುದ್ಧಕ್ಕೆ ಸ್ವಲ್ಪ ಮುಂಚೆ ಅಟ್ಲಾಂಟಿಕ್‌ನ ಆಚೆ ದಡದಲ್ಲಿ ಇನ್ನೊಂದು ಬಗೆಯ ಪ್ರಾಮಾಣಿಕತೆ ನಡೆಯಿತು. 1937ರಲ್ಲಿ ಅಮೆರಿಕದ ಸೇನೆಯ ಅಧಿಕಾರಿ ಪಾಲ್ ಲೋಗನ್ ತುರ್ತಿಗೆಂದು ಒಂದು ಬಾರ್ ಮಾಡಿಕೊಡಲು ಹರ್ಷಿಯವರನ್ನು ಕೇಳಿದಾಗ ಹಾಕಿದ ಷರತ್ತುಗಳು ನಾಲ್ಕು: ತೂಕ ನಾಲ್ಕು ಔನ್ಸ್, ತುಂಬ ಶಕ್ತಿ ಕೊಡಬೇಕು, ಸೆಖೆಗೆ ಕರಗಬಾರದು, ರುಚಿ ಬೇಯಿಸಿದ ಆಲೂಗಡ್ಡೆಗಿಂತ ಸ್ವಲ್ಪ ಮೇಲಿದ್ದರೆ ಸಾಕು. ಹೆಚ್ಚು ರುಚಿಯಾದರೆ ಸೈನಿಕರು ತುರ್ತಿಗೆ ಮುಂಚೆಯೇ ತಿಂದು ಮುಗಿಸುತ್ತಾರೆಂಬ ಭಯ. ಓಟ್ಸ್ ಹಿಟ್ಟು ಬೆರೆಸಿದ ಆ ಬಾರ್ ಕಚ್ಚಲೂ ಕಷ್ಟವಾಗುವಷ್ಟು ಗಟ್ಟಿಯಾಗಿತ್ತಂತೆ.

ಉಳಿದ ಬಗೆಗಳನ್ನು ಲೇಖಕರು ಚೆನ್ನಾಗಿಯೇ ಬಣ್ಣಿಸಿದ್ದಾರೆ, ನಾನು ಕೈ ಹಾಕುವುದಿಲ್ಲ. ಪದರ ಪದರವಾಗಿ ಉದುರುವ ಫ್ಲೇಕ್, ಜೇನುಗೂಡಿನ ಹಾಗೆ ಟೊಳ್ಳಾದ ಸಕ್ಕರೆಪಾಕದ ಕ್ರಂಚಿ, ಗುಳ್ಳೆಗಳನ್ನು ತುಂಬಿದ ಏರೋ ಇವೆಲ್ಲ ಇಂಗ್ಲೆಂಡಿನಲ್ಲಿ 1920ರಿಂದ 1935ರ ಒಳಗೆ ಬಂದವು, ಆ ಒಂದೂವರೆ ದಶಕವನ್ನು ಬಾರ್‌ಗಳ ಸುಗ್ಗಿ ಎನ್ನಬಹುದು. ಟೋಬ್ಲರೋನ್ ಬಗ್ಗೆ ಮಾತ್ರ ಒಂದು ಮಾತು ಸೇರಿಸುತ್ತೇನೆ. 1908ರಲ್ಲಿ ಬರ್ನ್ ನಗರದಲ್ಲಿ ಹುಟ್ಟಿದ ಈ ತ್ರಿಕೋನದ ಬಾರಿನ ಹಲ್ಲುಗಳ ನಡುವಿನ ಕಂದರವನ್ನು 2016ರಲ್ಲಿ ಬ್ರಿಟನ್ನಿನಲ್ಲಿ ಅಗಲ ಮಾಡಿ 400 ಗ್ರಾಂ ಇದ್ದದ್ದನ್ನು 360ಕ್ಕೆ, 170 ಗ್ರಾಂ ಇದ್ದದ್ದನ್ನು 150ಕ್ಕೆ ಇಳಿಸಲಾಯಿತು. ಡಬ್ಬಿಯ ಉದ್ದ ಅಷ್ಟೇ, ಒಳಗಿನದ್ದು ಹಲ್ಲು ಉದುರಿದ ಬಾಚಣಿಗೆ. ಜನ ಎದ್ದು ಕೂಗಾಡಿದರು. ಎರಡು ವರ್ಷದಲ್ಲಿ ಹಳೆಯ ಆಕಾರ ಮರಳಿತು. ತೂಕ ಕಡಿಮೆಯಾದದ್ದು ಕಣ್ಣಿಗೆ ಕಂಡದ್ದರಿಂದ ಜನ ಕೂಗಿದರು. ಬೆಣ್ಣೆ ಕಡಿಮೆಯಾದರೆ ಕಾಣುವುದಿಲ್ಲ.

ಕಾಣದ ಆ ಬೆಣ್ಣೆಗಾಗಿ ಯುರೋಪಿನಲ್ಲಿ ಸುಮಾರು ಮೂವತ್ತು ವರ್ಷ ಜಗಳ ನಡೆದಿದೆ. 1973ರಲ್ಲಿ ಬ್ರಿಟನ್, ಐರ್ಲೆಂಡ್, ಡೆನ್ಮಾರ್ಕ್ ದೇಶಗಳು ಯುರೋಪಿನ ಒಕ್ಕೂಟವನ್ನು ಸೇರಿದಾಗ ಅವರ ಚಾಕೊಲೇಟಿನಲ್ಲಿ ಕೊಕ್ಕೊ ಬೆಣ್ಣೆಯ ಜೊತೆ ಬೇರೆ ಸಸ್ಯಗಳ ಕೊಬ್ಬೂ ಸ್ವಲ್ಪ ಬೆರೆತಿತ್ತು. ಬೆಲ್ಜಿಯಂ, ಫ್ರಾನ್ಸ್, ಇಟಲಿ, ಸ್ಪೇನ್ ಮೊದಲಾದವರು ಅದನ್ನು ಚಾಕೊಲೇಟ್ ಎಂದು ಒಪ್ಪಲು ತಯಾರಿರಲಿಲ್ಲ. ಕೊನೆಗೆ 2000ದ ನಿರ್ದೇಶನದಲ್ಲಿ ಹೊರಗಿನ ಕೊಬ್ಬಿಗೆ ಶೇಕಡಾ 5ರ ಮಿತಿ ಹಾಕಿ, ಅದನ್ನು ಲೇಬಲ್ಲಿನಲ್ಲಿ ಸ್ಪಷ್ಟವಾಗಿ ಹೇಳಬೇಕೆಂದು ಕಟ್ಟುಮಾಡಿ, ಬಳಸಬಹುದಾದ ಆರು ಕೊಬ್ಬುಗಳನ್ನು ಹೆಸರಿಸಿದರು. ಅಷ್ಟಾದ ಮೇಲೂ ಇಟಲಿ ಮತ್ತು ಸ್ಪೇನ್ ಅಂಥದ್ದನ್ನು ಚಾಕೊಲೇಟಿನ ಬದಲಿ ಪದಾರ್ಥ ಎಂದೇ ಮಾರಬೇಕೆಂದು ಪಟ್ಟು ಹಿಡಿದು 2003ರಲ್ಲಿ ಯುರೋಪಿನ ನ್ಯಾಯಾಲಯದಲ್ಲಿ ಸೋತವು. ಆ ಆರರ ಪಟ್ಟಿಯನ್ನು ಓದಿದಾಗ ನಾನು ಚಕಿತನಾದೆ. ತಾಳೆ, ಆಫ್ರಿಕಾದ ಶಿಯಾ, ಬೋರ್ನಿಯೋದ ಇಲ್ಲಿಪೆ ಇವುಗಳ ಜೊತೆಗೆ ಸಾಲ್ ಮರದ ಬೀಜ, ಮಾವಿನ ಗೊರಟಿನ ತಿರುಳು, ಕೋಕಂ ಬೀಜ ಇವುಗಳ ಕೊಬ್ಬೂ ಅಲ್ಲಿವೆ. ಕೋಕಂ ಎಂದರೆ ನಮ್ಮ ಪುನರ್ಪುಳಿ, ಉತ್ತರ ಕನ್ನಡದವರ ಮುರುಗಲು. ಸಿಪ್ಪೆಯನ್ನು ಶರಬತ್ತಿಗೂ ಸಾರಿಗೂ ಇಟ್ಟುಕೊಂಡು ನಾವು ಅಂಗಳದ ಮೂಲೆಗೆ ಎಸೆಯುವ ಬೀಜದ ತುಪ್ಪವನ್ನು (ಅಜ್ಜಿಯಂದಿರು ಒಡೆದ ಹಿಮ್ಮಡಿಗೆ ಹಚ್ಚುತ್ತಿದ್ದ ಅದೇ ಮುರುಗಲು ತುಪ್ಪವನ್ನು) ಯುರೋಪಿನ ಚಾಕೊಲೇಟ್ ಕಾನೂನು ಹೆಸರು ಹಿಡಿದು ಕರೆದಿದೆ. ಈ ಕೊಬ್ಬುಗಳು ಕರಗುವ ರೀತಿ ಕೊಕ್ಕೊ ಬೆಣ್ಣೆಗೆ ಹತ್ತಿರವಿರುವುದೇ ಕಾರಣ.

ಈಗ ನಮ್ಮ ದೇಶದ ವಿಷಯ. ಕ್ಯಾಡ್ಬರಿ ಕಂಪನಿ 1948ರಲ್ಲಿ ಭಾರತದಲ್ಲಿ ನೆಲೆಯೂರಿತು. 1960ರ ದಶಕದ ಮಧ್ಯದಿಂದ ಕೇರಳದಲ್ಲಿ ಕೊಕ್ಕೊ ಬೇಸಾಯಕ್ಕೆ ಉತ್ತೇಜನ ಕೊಟ್ಟದ್ದೂ ಅದೇ. 1969ರಲ್ಲಿ ಬಂದ ಫೈವ್ ಸ್ಟಾರ್ ಮಾರ್ಸ್ ಬಾರಿನ ವಂಶದ್ದು: ಒಳಗೆ ನೂಗಾ ಮತ್ತು ಕ್ಯಾರಮೆಲ್, ಹೊರಗೆ ಚಾಕೊಲೇಟ್. 1970ರ ದಶಕದಲ್ಲಿ ಗುಜರಾತಿನ ಅಮುಲ್ ಸಹಕಾರಿ ಸಂಸ್ಥೆ ಹಾಲಿನ ಕಡೆಯಿಂದ ಈ ಕ್ಷೇತ್ರಕ್ಕೆ ಇಳಿಯಿತು. ನಮ್ಮ ಕ್ಯಾಂಪ್ಕೊ ಬೀಜದ ಕಡೆಯಿಂದ ಇಳಿಯಿತು. ಅಡಿಕೆ ಬೆಳೆಗಾರರ ರಕ್ಷಣೆಗೆಂದು ವಾರಣಾಶಿ ಸುಬ್ರಾಯ ಭಟ್ಟರ ನೇತೃತ್ವದಲ್ಲಿ 1973ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಈ ಸಹಕಾರಿ ಸಂಸ್ಥೆಗೆ ಕೊಕ್ಕೊ ಮೊದಲ ಉದ್ದೇಶವಾಗಿರಲಿಲ್ಲ. 1980ರ ಸುಮಾರಿಗೆ ಜಾಗತಿಕ ದರ ಕುಸಿದು ಖಾಸಗಿ ಖರೀದಿದಾರರು ಹಿಂದೆ ಸರಿದಾಗ ನಮ್ಮ ಊರುಗಳಲ್ಲಿ ಕೊಕ್ಕೊ ಕೇಳುವವರೇ ಇರಲಿಲ್ಲ. ಹಸಿ ಬೀಜವನ್ನು ನಾಳೆ ಮಾರುತ್ತೇನೆಂದು ಇಟ್ಟುಕೊಳ್ಳಲಾಗದು, ಗೋಣಿಯಲ್ಲೇ ಹುಳಿತು ಸೋರುತ್ತದೆ. ನಮ್ಮ ತಂದೆ ಎರಡು ಸಾಲು ಗಿಡಗಳನ್ನು ಬುಡಕ್ಕೇ ಕಡಿಸಿದ್ದು ನನಗೆ ಚೆನ್ನಾಗಿ ನೆನಪಿದೆ. ಮೂರನೆಯ ಸಾಲು ಉಳಿದದ್ದು ಆಳು ಮರುದಿನ ಬಾರದ ಕಾರಣಕ್ಕೆ. ಅಂಥ ಹೊತ್ತಿನಲ್ಲಿ ಕ್ಯಾಂಪ್ಕೊ ಖರೀದಿಗೆ ಇಳಿಯಿತು, ಕೊಂಡ ಬೀಜಕ್ಕೆ ದಾರಿ ಕಾಣಿಸಲು ಪುತ್ತೂರಿನ ಕೆಮ್ಮಿಂಜೆಯಲ್ಲಿ ಚಾಕೊಲೇಟ್ ಕಾರ್ಖಾನೆ ಕಟ್ಟಿತು. 1986ರಲ್ಲಿ ರಾಷ್ಟ್ರಪತಿ ಜೈಲ್ ಸಿಂಗ್ ಅದನ್ನು ಉದ್ಘಾಟಿಸಿದರು. ಕ್ಯಾಂಪ್ಕೊ ಬಾರ್, ಕ್ರೀಮ್, ಮೆಲ್ಟೊ, ಟರ್ಬೊ ಇವುಗಳ ಹೆಸರು ತಮ್ಮ ಲೇಖನದಲ್ಲಿ ಬಾರದಿದ್ದದ್ದು, ಜನಪ್ರಿಯತೆಯನ್ನು ಜಾಹೀರಾತಿನಿಂದ ಅಳೆದದ್ದರಿಂದ ಇರಬಹುದು. ಆ ಕಾರ್ಖಾನೆಯ ಪರಿಮಳ ಪುತ್ತೂರಿನವರ ಮೂಗಿಗೆ ಹೊಸದಲ್ಲ ಎಂದಷ್ಟೇ ಹೇಳುತ್ತೇನೆ.

ಇನ್ನು ಲೇಬಲ್ಲಿನ ವಿಷಯ. ಕಳೆದ ಬೇಸಿಗೆಯಲ್ಲಿ ಬಸ್ ನಿಲ್ದಾಣದ ಎದುರಿನ ಅಂಗಡಿಯೊಂದರಲ್ಲಿ ಚಾಕೊಲೇಟ್ ಕೇಳಿದಾಗ ಅಂಗಡಿಯವರು ಹತ್ತು ರೂಪಾಯಿಯ ಒಂದು ತುಂಡನ್ನು ಕೊಟ್ಟರು. ಹೊರಗೆ ಮೈ ಸುಡುವ ಬಿಸಿಲು. ಆದರೂ ಅದು ಭರಣಿಯಲ್ಲಿ ಬೆಣಚು ಕಲ್ಲಿನಂತೆ ಗಟ್ಟಿಯಾಗಿಯೇ ಇತ್ತು. ಕೊಕ್ಕೊ ಬೆಣ್ಣೆ ಕರಗುವುದು ಸುಮಾರು 34 ಡಿಗ್ರಿಗೆ, ನಮ್ಮ ಮೈಯ ಬಿಸಿಗಿಂತ ಸ್ವಲ್ಪ ಕೆಳಗೆ. ಏಪ್ರಿಲ್ ತಿಂಗಳ ಮಧ್ಯಾಹ್ನ ಭರಣಿಯಲ್ಲಿ ಕರಗದೆ ನಿಂತದ್ದು ಬಾಯಲ್ಲಿ ಕರಗುವ ಮಾತೆಲ್ಲಿ? ನಾಲಿಗೆಯ ಮೇಲೆ ಇಟ್ಟೆ. ಸಕ್ಕರೆ ಕರಗಿತು, ಉಳಿದದ್ದು ಮೇಣದ ಹಾಗೆ ಅಂಗುಳಿಗೆ ಮೆತ್ತಿಕೊಂಡಿತು. ಪಂಚಾಂಗ ನೋಡಲು ಇಟ್ಟುಕೊಂಡಿರುವ ಭೂತಗನ್ನಡಿಯನ್ನು ಮನೆಗೆ ಬಂದ ಮೇಲೆ ತೆಗೆದು ಕಾಗದದ ಹಿಂಬದಿಯನ್ನು ಓದಿದೆ. ಘಟಕಾಂಶಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆಯಬೇಕೆಂಬುದು ನಿಯಮ: ಮೊದಲಿಗೆ ಸಕ್ಕರೆ, ಎರಡನೆಯದು ಸಸ್ಯಜನ್ಯ ಕೊಬ್ಬು, ಆಮೇಲೆ ಎಲ್ಲೋ ಕೆಳಗೆ ಕೊಕ್ಕೊ ಪುಡಿ. ಕೊಕ್ಕೊ ಬೆಣ್ಣೆಯ ಸುದ್ದಿಯೇ ಇಲ್ಲ. ಮುಂಬದಿಯಲ್ಲಿ ಚಾಕೊಲೇಟ್ ಎಂಬ ಪದವೂ ಪೂರ್ತಿಯಾಗಿ ಇರಲಿಲ್ಲ, ಚೋಕೋ ಎಂಬಷ್ಟಕ್ಕೆ ನಿಂತಿತ್ತು. ಕಾನೂನಿನ ಕೈಗೆ ಸಿಗದಷ್ಟು ದೂರ, ಗಿರಾಕಿಯ ಕಣ್ಣಿಗೆ ಮೋಸವಾಗುವಷ್ಟು ಹತ್ತಿರ.

ಇಂಥದ್ದನ್ನು ಕಸುಬಿನವರು ಕಾಂಪೌಂಡ್ ಎನ್ನುತ್ತಾರೆ. ವಾನ್ ಹೌಟನ್ ಯಂತ್ರದಿಂದ ಬೆಣ್ಣೆ ಹಿಂಡಿದ ಮೇಲೆ ಉಳಿಯುವ ಹಿಂಡಿಯ ಪುಡಿಗೆ ತಾಳೆಬೀಜದ ಎಣ್ಣೆಯಂಥ ಅಗ್ಗದ ಗಟ್ಟಿ ಕೊಬ್ಬನ್ನು ಸೇರಿಸಿದರೆ ಕಾಂಪೌಂಡ್. ಇದು ವಿಷವಲ್ಲ, ನಿಷಿದ್ಧವೂ ಅಲ್ಲ. ಕೊಕ್ಕೊ ಬೆಣ್ಣೆ ಆರು ಬಗೆಯ ಹರಳುಗಳಾಗಿ ಹೆಪ್ಪುಗಟ್ಟಬಲ್ಲದು. ಅವುಗಳಲ್ಲಿ ಒಂದು ಬಗೆ ಮಾತ್ರ ಟಕ್ಕೆಂದು ಮುರಿಯುವ ಹೊಳಪಿನ ಬಾರ್ ಕೊಡುತ್ತದೆ. ಅದಕ್ಕಾಗಿ ಬಿಸಿಯನ್ನು ಏರಿಸಿ ಇಳಿಸಿ ಮತ್ತೆ ಏರಿಸಿ ಹದ ಹಿಡಿಯಬೇಕು. ಹದ ತಪ್ಪಿದರೆ, ಅಥವಾ ಅಂಗಡಿಯಲ್ಲಿ ಒಮ್ಮೆ ಕರಗಿ ಮತ್ತೆ ಗಟ್ಟಿಯಾದರೆ, ಮೇಲೆ ಬೂದಿ ಬಣ್ಣದ ಪೊರೆ ಏಳುತ್ತದೆ. ಬೂಷ್ಟು ಹಿಡಿದಿದೆ ಎಂದು ಜನ ಎಸೆಯುತ್ತಾರೆ, ಅದು ಬೂಷ್ಟಲ್ಲ, ಮೇಲೆದ್ದ ಬೆಣ್ಣೆ. ಕಾಂಪೌಂಡಿಗೆ ಈ ರಗಳೆ ಇಲ್ಲ. ಫ್ರಿಜ್ ಇಲ್ಲದ ಗೂಡಂಗಡಿಗೆ, ಸೆಖೆಯ ಊರಿಗೆ, ಹುಟ್ಟುಹಬ್ಬದಂದು ತರಗತಿಯ ಐವತ್ತು ಮಕ್ಕಳಿಗೆ ಹಂಚಬೇಕಾದ ಮನೆಗೆ ಅದು ಅನುಕೂಲವೇ. ನನ್ನ ತಕರಾರು ಪದಾರ್ಥದ ಮೇಲಲ್ಲ, ಹೆಸರಿನ ಮೇಲೆ. ವನಸ್ಪತಿಯನ್ನು ವನಸ್ಪತಿ ಎಂದು ಮಾರಿದರೆ ಯಾರೂ ಜಗಳಕ್ಕೆ ಬರುವುದಿಲ್ಲ, ತುಪ್ಪದ ಪಕ್ಕ ತುಪ್ಪದ ಬಣ್ಣದ ಡಬ್ಬಿಯಲ್ಲಿ ಇಟ್ಟರೆ ಬರುತ್ತಾರೆ. ಕನ್ನಡದಲ್ಲಿ ಈ ಗೊಂದಲ ಇನ್ನೂ ಹೆಚ್ಚು, ಏಕೆಂದರೆ ಚಿಲ್ಲರೆ ಇಲ್ಲವೆಂದು ಕೈಗಿಡುವ ಪೆಪ್ಪರ್‌ಮಿಂಟನ್ನೂ ನಾವು ಚಾಕ್ಲೇಟು ಎಂದೇ ಕರೆಯುತ್ತೇವೆ. ಬಿಳಿ ಚಾಕೊಲೇಟ್ ನಿಜಕ್ಕೂ ಚಾಕೊಲೇಟೇ ಎಂದು ಹಲವರು ಕೇಳುತ್ತಾರೆ. ಕೊಕ್ಕೊ ಬೆಣ್ಣೆಯಿಂದ ಮಾಡಿದ್ದಾದರೆ ಬೆಳ್ಳಗಿದ್ದರೂ ಅದು ಚಾಕೊಲೇಟೇ. ಕಂದು ಬಣ್ಣವಿದ್ದ ಮಾತ್ರಕ್ಕೆ ಕಾಂಪೌಂಡ್ ಚಾಕೊಲೇಟ್ ಆಗುವುದಿಲ್ಲ.

ನಮ್ಮ ಕಾನೂನು ಈ ವಿಷಯದಲ್ಲಿ ಕಣ್ಣು ಮುಚ್ಚಿಲ್ಲ. ಹಿಂದಿನ ಕಲಬೆರಕೆ ತಡೆ ನಿಯಮಗಳಲ್ಲಿ ಚಾಕೊಲೇಟಿಗೆ ಕೊಕ್ಕೊ ಬೆಣ್ಣೆ ಬಿಟ್ಟು ಬೇರೆ ಸಸ್ಯಜನ್ಯ ಕೊಬ್ಬನ್ನು ಸೇರಿಸುವಂತೆಯೇ ಇರಲಿಲ್ಲ. ಈಗಿನ ಆಹಾರ ಸುರಕ್ಷತಾ ನಿಯಮಗಳು ಯುರೋಪಿನಂತೆ ಶೇಕಡಾ 5ರವರೆಗೆ ಅವಕಾಶ ಕೊಟ್ಟು, ಅದನ್ನು ಲೇಬಲ್ಲಿನಲ್ಲಿ ತಿಳಿಸಬೇಕೆನ್ನುತ್ತವೆ. ಆದರೆ ತಿಳಿಸುವುದು ಯಾವ ಭಾಷೆಯಲ್ಲಿ? ಇಂಗ್ಲಿಷಿನಲ್ಲಿ ಅಥವಾ ದೇವನಾಗರಿ ಲಿಪಿಯ ಹಿಂದಿಯಲ್ಲಿ. ಬೇರೆ ಭಾಷೆಯನ್ನು ಜೊತೆಗೆ ಸೇರಿಸುವುದಕ್ಕೆ ಅಡ್ಡಿಯಿಲ್ಲ, ಕಡ್ಡಾಯವೂ ಇಲ್ಲ. ಹೀಗಾಗಿ ಬೀಜ ಬೆಳೆದವನಿಗೂ, ಹತ್ತು ರೂಪಾಯಿ ಕೊಟ್ಟು ಕೊಳ್ಳುವವಳಿಗೂ ಅರ್ಥವಾಗದ ಭಾಷೆಯಲ್ಲಿ, ಅಕ್ಕಿನುಚ್ಚಿನಷ್ಟು ಸಣ್ಣ ಅಕ್ಷರಗಳಲ್ಲಿ ಸತ್ಯ ಅಚ್ಚಾಗಿರುತ್ತದೆ.

ಇದು ಇಂದು ತುರ್ತಿನ ವಿಷಯವಾಗಲು ಕಾರಣವಿದೆ. ಜಗತ್ತಿನ ಅರ್ಧಕ್ಕಿಂತ ಹೆಚ್ಚು ಕೊಕ್ಕೊ ಬರುವುದು ಪಶ್ಚಿಮ ಆಫ್ರಿಕಾದ ಐವರಿ ಕೋಸ್ಟ್ ಮತ್ತು ಘಾನಾದಿಂದ. ಅಲ್ಲಿ ಬೆಳೆ ಕೈಕೊಟ್ಟು 2024ರ ಮಾರ್ಚಿನಲ್ಲಿ ದರ ಟನ್ನಿಗೆ 10,000 ಡಾಲರ್ ದಾಟಿತು, ನಮ್ಮ ಊರಿನಲ್ಲೂ ಹಸಿ ಬೀಜಕ್ಕೆ ಹಿಂದೆಂದೂ ಕಾಣದ ಬೆಲೆ ಬಂದು ಅಳಿಲು ಕೊರೆದ ಕಾಯಿಯನ್ನೂ ಜನ ಹೆಕ್ಕಿದರು. ಬೀಜ ದುಬಾರಿಯಾದಾಗ ತಯಾರಕರು ಬೆಣ್ಣೆಯ ಮೇಲೆ ಕೈ ಇಡುವುದು ಹೊಸತಲ್ಲ. ಹರ್ಷಿ ಕಂಪನಿ 2008ರಲ್ಲಿ ಕೆಲವು ಬಾರ್‌ಗಳಲ್ಲಿ ಕೊಕ್ಕೊ ಬೆಣ್ಣೆಯ ಬದಲು ಬೇರೆ ಎಣ್ಣೆ ಬಳಸಿದಾಗ ಅಮೆರಿಕದ ನಿಯಮದಂತೆ ಅವುಗಳನ್ನು ಹಾಲಿನ ಚಾಕೊಲೇಟ್ ಎಂದು ಕರೆಯುವ ಹಕ್ಕನ್ನು ಕಳೆದುಕೊಂಡಿತು. 2025ರಲ್ಲಿ ಬ್ರಿಟನ್ನಿನ ಪೆಂಗ್ವಿನ್ ಮತ್ತು ಕ್ಲಬ್ ಬಿಸ್ಕತ್ತುಗಳು ಅದೇ ಕಾರಣಕ್ಕೆ ಚಾಕೊಲೇಟ್ ರುಚಿಯವು ಎಂದು ತಮ್ಮನ್ನು ಕರೆದುಕೊಳ್ಳಬೇಕಾಯಿತು. ಅಲ್ಲಿ ಕನಿಷ್ಠ ಪಕ್ಷ ಅದು ಸುದ್ದಿಯಾಯಿತು.

ನನ್ನ ಕೋರಿಕೆ ಇಷ್ಟೇ. ಕರ್ನಾಟಕದಲ್ಲಿ ಮಾರುವ ಬಾರ್‌ಗಳ ಮುಂಬದಿಯಲ್ಲಿ, ಅದು ಚಾಕೊಲೇಟೋ ಕೊಕ್ಕೊ ರುಚಿಯ ಮಿಠಾಯಿಯೋ ಎಂಬುದನ್ನು ಕನ್ನಡದಲ್ಲಿ, ಕನ್ನಡಕವಿಲ್ಲದೆ ಓದುವಷ್ಟು ದೊಡ್ಡದಾಗಿ ಬರೆಯುವಂತೆ ರಾಜ್ಯ ಸರ್ಕಾರ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವನ್ನು ಒತ್ತಾಯಿಸಬೇಕು. ಅದರಲ್ಲಿ ಕೊಕ್ಕೊ ಬೆಣ್ಣೆ ನೂರಕ್ಕೆ ಎಷ್ಟು ಎಂಬ ಒಂದು ಅಂಕಿಯೂ ಜೊತೆಗಿರಲಿ. ಕಾನೂನು ಬರುವ ತನಕ ನಮ್ಮದೇ ಸಹಕಾರಿ ಸಂಸ್ಥೆ ಇದನ್ನು ತಾನಾಗಿ ಶುರು ಮಾಡಿದರೆ ಅದಕ್ಕೆ ಅಡ್ಡ ಬರುವವರು ಯಾರೂ ಇಲ್ಲ. ಬೀಜದಿಂದ ಬಾರಿನವರೆಗೆ ಎಲ್ಲವನ್ನೂ ತಾವೇ ಮಾಡುವ ಮೈಸೂರಿನ ನವಿಲುನದಂಥ ಸಣ್ಣ ತಯಾರಕರು ಕೊಕ್ಕೊ ಶೇಕಡಾವಾರನ್ನು ಹೆಮ್ಮೆಯಿಂದ ಮುಂದೆಯೇ ಅಚ್ಚು ಹಾಕುತ್ತಾರೆ. ದೊಡ್ಡವರಿಗೆ ಜಾಗ ಸಾಲದು ಎನ್ನುವುದು ನಂಬುವ ಮಾತಲ್ಲ.

ಕೊನೆಯಲ್ಲಿ ಒಂದು ಸಣ್ಣ ತಿದ್ದುಪಡಿ. ಲೇಖನದ ಜೊತೆಗಿದ್ದ ಚಿತ್ರದಲ್ಲಿ ಕೊಕ್ಕೊ ಕಾಯಿಗಳು ಮಾವಿನಕಾಯಿಯ ಹಾಗೆ ರೆಂಬೆಯ ತುದಿಯಿಂದ ತೂಗಾಡುತ್ತಿದ್ದವು. ಕೊಕ್ಕೊ ಹಾಗೆ ಬಿಡುವುದಿಲ್ಲ. ಹಲಸಿನಂತೆ ಕಾಂಡಕ್ಕೂ ದಪ್ಪ ಕೊಂಬೆಗೂ ಅಂಟಿಕೊಂಡು ಬಿಡುತ್ತದೆ. ಚಿತ್ರ ಬರೆದವರು ಈ ಕಡೆ ಬಂದರೆ ತೋಟದಲ್ಲಿ ತೋರಿಸುತ್ತೇನೆ. ಮಳೆ ಹಿಡಿಯುವ ಮುಂಚೆ ಬಂದರೆ ಒಳ್ಳೆಯದು, ಆಮೇಲೆ ಕಾಯಿ ಕಪ್ಪಾಗಿ ಕೊಳೆಯುತ್ತದೆ, ಉಂಬಳವೂ ಹೆಚ್ಚು.

ಇಂತಿ,
ಒಬ್ಬ ಅಡಿಕೆ–ಕೊಕ್ಕೊ ಬೆಳೆಗಾರ
ಪುತ್ತೂರು ತಾಲ್ಲೂಕು, ದಕ್ಷಿಣ ಕನ್ನಡ